ಮೂರು ಸಲ ಕೂಗಿದರು, ವಾದಿ ಗೈರು

ಕೋರ್ಟು ಕಟ್ಟೆ: ಓದುಗರ ಪ್ರಶ್ನೆಗಳಿಗೆ ನಿವೃತ್ತ ಶಿರಸ್ತೇದಾರರ ಉತ್ತರ

ಕಳೆದ ತಿಂಗಳು ಹೊನ್ನಾವರದವರೊಬ್ಬರ ಪಾಲಿನ ಪ್ರಶ್ನೆಗೆ ಉತ್ತರ ಬರೆಯುತ್ತ, "ಪಾಲಿನ ದಾವೆಗಳು ಯಾವ ಕಾಲಕ್ಕೂ ನಿಲ್ಲುವುದಿಲ್ಲ, ತುರ್ತು ಪರಿಸ್ಥಿತಿಯಲ್ಲೂ ನಮ್ಮ ಕೋರ್ಟು ಒಂದು ದಿನ ಮುಚ್ಚಿರಲಿಲ್ಲ" ಅಂತ ಸುಮ್ನೆ ಒಂದು ಸಾಲು ಹಾಕಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಇಡೀ ವರ್ಷದ ಉತ್ತರಗಳಿಗೆ ಬಂದಿಲ್ಲ. ಕೆಲವರು ಚೆನ್ನಾಗಿ ಬೈದಿದ್ದಾರೆ. ಹಾಗಾಗಿ ಈ ಸಲ ಹಿಸ್ಸೆ, ವಾರಸಾ, ಪೋಡಿ ಎಲ್ಲ ಬದಿಗಿಟ್ಟು ಆ ಪತ್ರಗಳನ್ನೇ ಹಿಡಿದು ಕೂತಿದ್ದೇನೆ. ಕಾರವಾರದಲ್ಲಿ ಮೂರು ದಿನದಿಂದ ಬಿಡದ ಮಳೆ. ಬೇರೆ ಕೆಲಸವೂ ಇಲ್ಲ.

ಶಿರಸ್ತೇದಾರ್ ಅಜ್ಜನಿಗೆ ನಮಸ್ಕಾರ. ಸರ್ವಾಧಿಕಾರ ಅಂದರೆ ಕಾನೂನೇ ಇಲ್ಲದ ಸ್ಥಿತಿ ಅಂತ ನಾನು ಅಂದುಕೊಂಡಿದ್ದೆ. ನೀವು ನೋಡಿದರೆ ಕೋರ್ಟು ಮುಚ್ಚಿರಲಿಲ್ಲ ಅಂತೀರಿ. ಹಾಗಾದರೆ ಆಗಲೂ ಕಾನೂನಿನ ಆಳ್ವಿಕೆ ಇತ್ತು ಅಂತಲಾ?
ಕಾನೂನು ವಿದ್ಯಾರ್ಥಿನಿ, ಶಿರಸಿ

ತಂಗೀ, ಪುಸ್ತಕದ ಉತ್ತರ ಆಮೇಲೆ. ಮೊದಲು ನಾನೇ ಟೈಪ್ ಮಾಡಿದ ಒಂದು ರೋಜನಾಮೆಯ ಕಥೆ ಕೇಳು. ರೋಜನಾಮೆ ಅಂದರೆ ಕೋರ್ಟಿನಲ್ಲಿ ಆಯಾ ದಿನ ಒಂದು ದಾವೆಯಲ್ಲಿ ಏನಾಯಿತು ಅಂತ ಬರೆದಿಡುವ ಹಾಳೆ. ಮುಂಬೈ ಪ್ರಾಂತದಲ್ಲಿದ್ದ ನಮ್ಮ ಕಡೆ ಹಳಬರು ಈಗಲೂ ಹಾಗೇ ಕರೆಯುತ್ತಾರೆ.

1973ರಲ್ಲಿ ನಾನು ಕರಾವಳಿಯ ಒಂದು ಮುನ್ಸೀಫ್ ಕೋರ್ಟಿಗೆ ಟೈಪಿಸ್ಟ್ ಆಗಿ ಸೇರಿದೆ. ಯಾವ ಊರು ಅಂತ ಬರೆಯುವುದಿಲ್ಲ. ಅವರೆಲ್ಲರ ಮಕ್ಕಳು ಮೊಮ್ಮಕ್ಕಳು ಅಲ್ಲೇ ಇದ್ದಾರೆ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಮರುದಿನ ರೇಡಿಯೋದಲ್ಲಿ ಕೇಳಿದೆವು. ಹನ್ನೊಂದು ಗಂಟೆಗೆ ಎಂದಿನಂತೆ ಕೋರ್ಟು ಕೂತಿತು. ತೆಂಗಿನ ಮರ ಯಾರ ಗಡಿಯಲ್ಲಿದೆ, ಅಡಿಕೆ ವ್ಯಾಪಾರಿಯ ಬಾಕಿ ಎಷ್ಟು, ಬಾವಿಗೆ ಹೋಗುವ ದಾರಿ ಯಾರದ್ದು. ಬೇಲಿಫ್ ಸಮನ್ಸುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಕೊಡೆ ಹಿಡಿದು ಹೊರಟ.

ಆ ಬಾವಿಯ ದಾವೆ ಹೂಡಿದ್ದವರು ಒಬ್ಬ ಶಾಲಾ ಮಾಸ್ತರರು. ಒಂದು ರಾತ್ರಿ ಪೊಲೀಸರು ಅವರನ್ನು ಮೀಸಾ ಕಾಯ್ದೆಯಲ್ಲಿ ಒಯ್ದರು. ಅದು 1971ರ ಕಾಯ್ದೆ. ಖಟ್ಲೆ ನಡೆಸದೆ ಒಳಗಿಡುವುದಕ್ಕೆಂದೇ ಮಾಡಿದ್ದು. ತುರ್ತು ಪರಿಸ್ಥಿತಿಯಲ್ಲಿ ಅದನ್ನು ಇನ್ನಷ್ಟು ತಿದ್ದಿ, ಯಾಕೆ ಹಿಡಿದಿದ್ದೇವೆ ಅಂತ ಹೇಳುವುದೂ ಬೇಡ ಅಂತ ಮಾಡಿದರು.

ಮಾಸ್ತರರ ಹೆಂಡತಿ ಕೋರ್ಟಿಗೆ ಬಂದರು. ಕೈಯಲ್ಲಿ ನಾಲ್ಕು ಮಡಿಕೆಯ ಅರ್ಜಿ. ಅದನ್ನು ಎಲ್ಲಿ ಕೊಡಬೇಕು ಅಂತ ಕೇಳಿದರು. ನಮ್ಮ ಹಿರಿಯ ಗುಮಾಸ್ತರು ಪೂರ್ತಿ ಓದಿ, ಹಾಗೇ ಮಡಚಿ ವಾಪಸ್ ಕೊಟ್ಟು, "ಇದು ಇಲ್ಲಿ ಆಗೋದಿಲ್ಲ ಅಮ್ಮಾ" ಅಂದರು. ಹೇಳಿದ್ದು ಸುಳ್ಳಲ್ಲ. ಮುನ್ಸೀಫ್ ಕೋರ್ಟಿಗೆ ಆ ಅಧಿಕಾರ ಯಾವತ್ತೂ ಇರಲಿಲ್ಲ, ಹೈಕೋರ್ಟಿಗೇ ಹೋಗಬೇಕು. ಮುಂದಿನ ವರ್ಷ ದೆಹಲಿಯಲ್ಲೂ ಇದೇ ಮಾತು ಹೇಳುತ್ತಾರೆ ಅಂತ ಮಾತ್ರ ಆಗ ಯಾರಿಗೂ ಗೊತ್ತಿರಲಿಲ್ಲ.

ಎರಡು ವಾರ ಕಳೆದು ಬಾವಿಯ ದಾವೆ ಬೋರ್ಡಿಗೆ ಬಂತು. ಮಾಸ್ತರರ ವಕೀಲರು ಹೆದರಿದ್ದರು. ಕಕ್ಷಿದಾರರಿಂದ ಸೂಚನೆ ಇಲ್ಲ ಅಂತ ಒಂದು ಪುರ್ಸಿಸ್, ಅಂದರೆ ಕೋರ್ಟಿಗೆ ಬರೆದುಕೊಡುವ ಹೇಳಿಕೆ, ಕೊಟ್ಟು ಕೈತೊಳೆದುಕೊಂಡರು. ಪಟ್ಟೇವಾಲಾ ಬಾಗಿಲಲ್ಲಿ ನಿಂತು ಮಾಸ್ತರರ ಹೆಸರನ್ನು ಮೂರು ಸಲ ಕೂಗಿದ. ಅವನ ಮಗನಿಗೆ ಮಗ್ಗಿ ಕಲಿಸಿದವರೇ ಆ ಮಾಸ್ತರರು. ಪ್ರತಿವಾದಿ ಮಾತ್ರ ಇಸ್ತ್ರಿ ಅಂಗಿ ಹಾಕಿಕೊಂಡು ಹಾಜರಿದ್ದ. ನಾನು ಟೈಪ್ ಮಾಡಿದೆ. ಆರ್ಡರು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಹೇಳುವುದಾದರೆ ಇಷ್ಟೇ: ವಾದಿಯನ್ನು ಮೂರು ಸಲ ಕೂಗಲಾಯಿತು. ಗೈರು. ದಾವೆ ವಜಾ. ಸಿವಿಲ್ ಪ್ರೊಸೀಜರ್ ಕೋಡ್, ಆರ್ಡರ್ 9, ರೂಲ್ 8. ಒಂದಕ್ಷರ ತಪ್ಪಿಲ್ಲ.

ಮಾಸ್ತರರು ಎಲ್ಲಿದ್ದಾರೆ ಅಂತ ಮುನ್ಸೀಫರಿಗೆ ಗೊತ್ತಿತ್ತು. ವಕೀಲರಿಗೆ, ಪ್ರತಿವಾದಿಗೆ, ಕೂಗಿದ ಪಟ್ಟೇವಾಲನಿಗೆ, ನನಗೆ, ಎಲ್ಲರಿಗೂ ಗೊತ್ತಿತ್ತು. ರೋಜನಾಮೆಯಲ್ಲಿ ಅದನ್ನು ಬರೆಯಲು ಜಾಗ ಇರಲಿಲ್ಲ.

ಇದನ್ನು ನಾನು ಬಹಳ ವರ್ಷ ನಮ್ಮೂರಿನದ್ದೇ ಒಂದು ವಿಚಿತ್ರ ಅಂದುಕೊಂಡಿದ್ದೆ. ನಿವೃತ್ತಿ ಆದ ಮೇಲೆ ಓದುವಾಗ ಬರ್ಲಿನ್ನಿನ ವಕೀಲ ಅರ್ನ್ಸ್ಟ್ ಫ್ರಾಂಕೆಲ್ ಬಗ್ಗೆ ತಿಳಿಯಿತು. ಯಹೂದಿ. ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿದ್ದ ಎಂಬ ಒಂದೇ ಕಾರಣಕ್ಕೆ ಹಿಟ್ಲರ್ ಬಂದ ಮೇಲೂ ವಕೀಲಿ ಮಾಡಲು ಬಿಟ್ಟಿದ್ದರು. 1938ರಲ್ಲಿ ದೇಶ ಬಿಟ್ಟ. ಅವನು ಕಂಡದ್ದು ಏನೆಂದರೆ, ಒಂದೇ ಊರಿನಲ್ಲಿ ಎರಡು ರಾಜ್ಯಗಳು ಒಟ್ಟಿಗೆ ನಡೆಯುತ್ತಿದ್ದವು. ಮೊದಲನೆಯದರಲ್ಲಿ ಬಾಡಿಗೆ, ಸಾಲ, ಕರಾರು, ಕಂಪನಿ ವ್ಯವಹಾರ ಎಲ್ಲ ಹಳೇ ಕೋಡಿನ ಪ್ರಕಾರವೇ ತೀರ್ಮಾನ. ಎರಡನೆಯದರಲ್ಲಿ ಯಾವ ಕೋಡೂ ಇಲ್ಲ. ಕೋರ್ಟು ಬಿಡುಗಡೆ ಮಾಡಿದವನನ್ನು ಹಿಟ್ಲರನ ಗುಪ್ತ ಪೊಲೀಸು ಗೆಸ್ಟಾಪೊ ಗೇಟಿನ ಹೊರಗೇ ಮತ್ತೆ ಹಿಡಿಯುತ್ತಿತ್ತು. ಯಾವ ಮನುಷ್ಯ ಯಾವ ಕಡೆ ಅಂತ ಹೇಳುವ ಅಧಿಕಾರ ಎರಡನೆಯದಕ್ಕೇ ಇತ್ತು. ಗಮ್ಮತ್ತೆಂದರೆ ಜರ್ಮನಿಯ ಹಳೇ ಸಂವಿಧಾನವನ್ನು ಹಿಟ್ಲರ್ ಅಧಿಕೃತವಾಗಿ ರದ್ದು ಮಾಡಲೇ ಇಲ್ಲ. 1933ರ ಫೆಬ್ರವರಿ 28ರಂದು ಹಕ್ಕುಗಳನ್ನು ತಡೆಹಿಡಿಯುವ ಒಂದು ಆದೇಶ ಬಂತು. ಆ ಒಂದು ಕಾಗದ ಹನ್ನೆರಡು ವರ್ಷ ನಡೆಯಿತು.

ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಇನ್ನೂ ಜಾಣ. ರಾಜಕೀಯದ ಕೇಸುಗಳಿಗೆಂದೇ 1963ರಲ್ಲಿ ಬೇರೆ ಟ್ರಿಬ್ಯೂನಲ್ ಮಾಡಿ, ಉಳಿದ ಜಡ್ಜುಗಳನ್ನು ಅವರ ಪಾಡಿಗೆ ಬಿಟ್ಟ. ತನಗೆ ಬೇಕಾದ ಕೇಸು ಅವರ ಮುಂದೆ ಹೋಗುವುದೇ ಇಲ್ಲ ಅಂದ ಮೇಲೆ ಅವರನ್ನು ಯಾಕೆ ಕೆಣಕಬೇಕು?

ಹಾಗಾಗಿ ತಂಗೀ, ಕೋರ್ಟಿನ ಬಾಗಿಲು ತೆರೆದಿದೆಯಾ ಅಂತ ನೋಡಿದರೆ ಏನೂ ತಿಳಿಯುವುದಿಲ್ಲ. ಅರ್ಜಿ ತಗೊಳ್ಳುವ ಕಿಟಕಿಗೆ ಹೋಗಿ, ಇಲ್ಲಿ ಯಾವ ಅರ್ಜಿ ತಗೊಳ್ಳುವುದಿಲ್ಲ ಅಂತ ಕೇಳಬೇಕು. ಮಾಸ್ತರರ ದಾವೆ ಮುಂದೆ ಏನಾಯಿತು ಅನ್ನುವುದನ್ನು ಕೊನೆಗೆ ಬರೆಯುತ್ತೇನೆ.

ನನ್ನ ಅಜ್ಜ ಗೇಣಿ ಒಕ್ಕಲು. ನಮಗೆ ಗದ್ದೆ ಬಂದದ್ದೇ ಎಮರ್ಜೆನ್ಸಿಯಲ್ಲಿ, 1976ರಲ್ಲಿ. ಅದಕ್ಕಿಂತ ಮೊದಲೂ ಕಾನೂನು ಇತ್ತು, ಕೋರ್ಟು ಇತ್ತು. ಎಲ್ಲ ಒಡೆಯರ ಕಡೆಗೇ ಇದ್ದವು. ನೀವು ಅಳುವುದು ಯಾರಿಗೋಸ್ಕರ ಸ್ವಾಮಿ?
ಓದುಗ, ಅಂಕೋಲಾ

ಬೈದ ಪತ್ರಗಳಲ್ಲಿ ಇದೇ ಒಳ್ಳೆಯದು. ಎರಡು ಸಲ ಓದಿದೆ. ಅರ್ಧ ಮಾತು ನೀವು ಹೇಳಿದ್ದೇ ಸರಿ. ಗೇಣಿ ಬಾಕಿಯ ದಾವೆಗಳಲ್ಲಿ ಒಕ್ಕಲು ಕಟಕಟೆಯಲ್ಲಿ ನಿಂತು, ಒಡೆಯರ ಮುಖ ನೋಡಿ, ತನ್ನದೇ ವಿರುದ್ಧ ಸಾಕ್ಷಿ ಹೇಳಿದ್ದನ್ನು ನಾನು ಟೈಪ್ ಮಾಡಿದ್ದೇನೆ. ನಿಮ್ಮ ಅಂಕೋಲೆಗೆ ಇದು ಇನ್ನೂ ಹಳೇ ಕಥೆ. 1932ರ ಕರನಿರಾಕರಣೆಯಲ್ಲಿ ಅಂಕೋಲಾ, ಸಿದ್ದಾಪುರದ ರೈತರ ಜಮೀನು, ಮನೆಯ ಪಾತ್ರೆ, ದನ ಎಲ್ಲ ಜಪ್ತಿ ಆದದ್ದು ಕಾನೂನಿನ ಪ್ರಕಾರವೇ. ನೋಟಿಸು, ಪಂಚನಾಮೆ, ಹರಾಜು, ರಶೀದಿ, ಎಲ್ಲ ಕ್ರಮಬದ್ಧ. ಕಾನೂನು ಇದ್ದ ಮಾತ್ರಕ್ಕೆ ನ್ಯಾಯ ಇತ್ತು ಅಂತ ನಾನು ಯಾವತ್ತೂ ಹೇಳಲಾರೆ.

ಆದರೆ ತಾರೀಕು ಒಂದು ನೋಡಿ. ನಿಮ್ಮ ಅಜ್ಜನಿಗೆ ಗದ್ದೆ ಕೊಟ್ಟ ಭೂ ಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ತುರ್ತು ಪರಿಸ್ಥಿತಿಗಿಂತ ಹದಿನೈದು ತಿಂಗಳು ಮೊದಲು. 1972ರಲ್ಲಿ ಗೆದ್ದು ಬಂದ ದೇವರಾಜ ಅರಸರ ಸರ್ಕಾರ ವಿಧಾನಸಭೆಯಲ್ಲಿ ಚರ್ಚೆ ಮಾಡಿ ತಂದದ್ದು. ಒಕ್ಕಲುಗಳು ನಮೂನೆ 7 ತುಂಬಬೇಕು. ನಮ್ಮ ಕಡೆ 'ಡಿಕ್ಲರೇಶನ್ ಹಾಕುವುದು' ಅನ್ನುತ್ತಿದ್ದರು. ಎ.ಸಿ. (ಅಸಿಸ್ಟೆಂಟ್ ಕಮಿಷನರ್) ಸಾಹೇಬರ ಅಧ್ಯಕ್ಷತೆಯಲ್ಲಿ ಭೂ ನ್ಯಾಯಮಂಡಳಿ. ವಕೀಲರಿಗೆ ಅಲ್ಲಿ ಪ್ರವೇಶವೇ ಇಲ್ಲ! ನಮ್ಮ ಕೋರ್ಟಿನ ವಕೀಲರು ಬಾರ್ ರೂಮಿನಲ್ಲಿ ಕೂತು ಅರಸರಿಗೆ ಹಾಕಿದ ಶಾಪ ನನಗೆ ಇನ್ನೂ ನೆನಪಿದೆ. ನನಗಂತೂ ಅದು ಒಳ್ಳೆಯದೇ ಅನಿಸಿತ್ತು. ವಕೀಲರನ್ನು ಇಡುವ ಶಕ್ತಿ ಒಂದೇ ಕಡೆ ಇದ್ದಾಗ ಇಬ್ಬರಿಗೂ ಬೇಡ ಅನ್ನುವುದೇ ಸಮ ಅಲ್ವಾ?

ತುರ್ತು ಪರಿಸ್ಥಿತಿಯ ಹೆದರಿಕೆಯಿಂದ ಕೆಲವು ಒಡೆಯರು ಬಾಯಿ ಮುಚ್ಚಿಕೊಂಡರು, ಅಧಿಕಾರಿಗಳು ಚುರುಕಾದರು. ಅದನ್ನು ಒಪ್ಪುತ್ತೇನೆ. ಆದರೂ 1977ರಲ್ಲಿ ತುರ್ತು ಪರಿಸ್ಥಿತಿ ಹೋದಾಗ ನಿಮ್ಮ ಗದ್ದೆ ಹೋಗಲಿಲ್ಲ. ಡಿಕ್ಲರೇಶನ್ ಹಾಕುವ ಅವಕಾಶ 1979ರ ಜೂನ್ 30ರವರೆಗೂ ಇತ್ತು. ನಿಮ್ಮ ಮನೆಯಲ್ಲಿ ಆ ಮಂಡಳಿಯ ಆದೇಶದ ಪ್ರತಿ ಇರಬೇಕು, ಹುಡುಕಿ ಓದಿ. ಇಬ್ಬರಿಗೂ ನೋಟಿಸು ಹೋದದ್ದು, ಇಬ್ಬರ ಹೇಳಿಕೆ, ಯಾಕೆ ಕೊಟ್ಟೆವು ಅನ್ನುವ ಕಾರಣ, ಎಲ್ಲ ಅದರಲ್ಲಿರುತ್ತದೆ. ಮಾಸ್ತರರನ್ನು ಒಯ್ದ ಕಾಗದದಲ್ಲಿ ಕಾರಣವೇ ಇರಲಿಲ್ಲ. ಎರಡೂ ಒಂದೇ ಕಾಲದವು, ಒಂದೇ ಸರ್ಕಾರಿ ಕಚೇರಿಯ ಕಾಗದ. ಆದೇಶದ ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಬೇಡಿ, ಅಕ್ಷರ ಹೋಗುತ್ತದೆ.

ಏನೇ ಹೇಳಿ, ಆಗ ರೈಲು ಸಮಯಕ್ಕೆ ಸರಿಯಾಗಿ ಬರುತ್ತಿತ್ತಂತೆ. ಈಗ ಅಂಥ ಬಿಗಿ ಬೇಕು.
ವ್ಯಾಪಾರಸ್ಥರು, ಕುಮಟಾ

ನಿಮ್ಮ ಕುಮಟೆಗೆ ಆಗ ರೈಲೇ ಇರಲಿಲ್ಲ. ಕೊಂಕಣ ರೈಲ್ವೆ ಪೂರ್ತಿ ಓಡಿದ್ದು 1998ರಲ್ಲಿ. ಕಾಳಿ ನದಿಗೂ ಸೇತುವೆ ಇರಲಿಲ್ಲ. ಕೋಡಿಬಾಗದಲ್ಲಿ ನಿಂತು ಸದಾಶಿವಗಡಕ್ಕೆ ಲಾಂಚು ಕಾಯುತ್ತಿದ್ದೆವು. ಅದು ತುರ್ತು ಪರಿಸ್ಥಿತಿಗೆ ಹೆದರದೆ, ಭರತ ಇಳಿತ ನೋಡಿಕೊಂಡೇ ಬರುತ್ತಿತ್ತು. ನಾವು ಗುಮಾಸ್ತರು ಮಾತ್ರ ಹತ್ತೂವರೆಗೆ ಸರಿಯಾಗಿ ಹಾಜರಿ ಹಾಕುತ್ತಿದ್ದೆವು. ಮೂರು ತಿಂಗಳು. ಆಮೇಲೆ ಬಿಗಿಗೂ ಅಭ್ಯಾಸ ಆಗಿಹೋಯಿತು.

ಜಡ್ಜುಗಳನ್ನು ಯಾರೂ ಕೆಲಸದಿಂದ ತೆಗೆಯಲಾರರು ಅಂತ ಮಕ್ಕಳಿಗೆ ಪಾಠ ಮಾಡುತ್ತೇನೆ. ಹಾಗಿದ್ದ ಮೇಲೆ ಅವರು ಯಾಕೆ ಹೆದರಿದರು?
ಶಿಕ್ಷಕಿ, ಸಿದ್ದಾಪುರ

ಟೀಚರ್, ನೀವೂ ಸರ್ಕಾರಿ ನೌಕರಿಯವರೇ. ನಮ್ಮ ಜಿಲ್ಲೆಯಲ್ಲಿ "ಸೂಪಾಕ್ಕೆ ಹಾಕ್ತೇನೆ", ಅಂದರೆ ಕಾಡಿನ ಮೂಲೆಗೆ ವರ್ಗ ಮಾಡ್ತೇನೆ, ಅನ್ನುವ ಮಾತಿನ ತೂಕ ನಿಮಗೆ ಹೇಳಬೇಕಾ? ಆ ಹಳೇ ಸೂಪಾ ಊರು ಅಣೆಕಟ್ಟಿನ ನೀರಲ್ಲಿ ಮುಳುಗಿ ಎಷ್ಟೋ ವರ್ಷ ಆಯಿತು, ಮಾತು ಮುಳುಗಿಲ್ಲ. ಕೆಲಸದಿಂದ ತೆಗೆಯುವುದೇ ಬೇಡ, ವರ್ಗ ಮಾಡಿದರೆ ಸಾಕು.

ಹಾಗಂತ ಎಲ್ಲರೂ ಹೆದರಲಿಲ್ಲ. ಅದನ್ನು ಮಕ್ಕಳಿಗೆ ಖಂಡಿತ ಹೇಳಿ. 1975ರ ಜೂನ್ 26ರಂದು ವಾಜಪೇಯಿ, ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರಾ ನಾಲ್ವರೂ ಬೆಂಗಳೂರಲ್ಲಿದ್ದರು. ಸಂಸತ್ತಿನ ಸಮಿತಿಯ ಸಭೆಗೆ ಬಂದಿದ್ದರು. ಅಲ್ಲೇ ಹಿಡಿದು ಈಗ ಫ್ರೀಡಂ ಪಾರ್ಕ್ ಆಗಿರುವ ಸೆಂಟ್ರಲ್ ಜೈಲಿಗೆ ಹಾಕಿದರು. ಅವರು ನಮ್ಮ ಹೈಕೋರ್ಟಿಗೆ ಅರ್ಜಿ ಹಾಕಿದರು. ಸರ್ಕಾರದ ವಾದ ಏನೆಂದರೆ, ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಹೇಳುವ 21ನೇ ವಿಧಿಯ ಹೆಸರಲ್ಲಿ ಕೋರ್ಟಿಗೆ ಹೋಗುವುದನ್ನೇ ರಾಷ್ಟ್ರಪತಿಗಳು ತಡೆಹಿಡಿದಿದ್ದಾರೆ, ಆದ್ದರಿಂದ ಈ ಅರ್ಜಿಯನ್ನು ಮುಟ್ಟುವಂತೆಯೇ ಇಲ್ಲ. ನಮ್ಮ ಹಿರಿಯ ಗುಮಾಸ್ತರ ಮಾತೇ, ದೊಡ್ಡ ಇಂಗ್ಲಿಷಿನಲ್ಲಿ. ನಮ್ಮ ಹೈಕೋರ್ಟು ಅದನ್ನು ಒಪ್ಪಲಿಲ್ಲ, ಕೇಳುತ್ತೇವೆ ಅಂದಿತು. ದೇಶದಲ್ಲಿ ಒಂಬತ್ತು ಹೈಕೋರ್ಟುಗಳು ಹೀಗೆ ನಿಂತವು.

ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಜಬಲ್ಪುರದ ಹೆಸರಲ್ಲಿ ಎಲ್ಲರೂ ಕರೆಯುವ ಕೇಸು ಅದು. ಅಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಸರ್ಕಾರದ ವಕೀಲರಾದ ನಿರೇನ್ ಡೇ ಅವರಿಗೆ ಒಂದು ಪ್ರಶ್ನೆ ಹಾಕಿದರು. ಒಬ್ಬ ಪೊಲೀಸ್ ಅಧಿಕಾರಿ ತನ್ನ ಸ್ವಂತ ದ್ವೇಷಕ್ಕೆ ಯಾರನ್ನಾದರೂ ಕೊಂದರೆ ಆಗಲೂ ಕೋರ್ಟಿಗೆ ಬರುವಂತಿಲ್ಲವಾ ಅಂತ. ತುರ್ತು ಪರಿಸ್ಥಿತಿ ಇರುವತನಕ ಇಲ್ಲ ಅಂತ ಉತ್ತರ ಬಂತು. ಕೋರ್ಟಿನೊಳಗೆ ಎಷ್ಟೋ ಮಾತು ಕೇಳಿದ್ದೇನೆ. ಇಷ್ಟು ಪ್ರಾಮಾಣಿಕವಾದ ಉತ್ತರ ಕೇಳಿಲ್ಲ. 1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಕಡೆ ತೀರ್ಪು ಕೊಟ್ಟರು. ಖನ್ನಾ ಒಬ್ಬರೇ ಬೇರೆ ಬರೆದರು.

ಆ ವರ್ಷ ಹದಿನಾರು ಹೈಕೋರ್ಟ್ ನ್ಯಾಯಮೂರ್ತಿಗಳಿಗೆ ವರ್ಗಾವಣೆ ಆಯಿತು. ಬೆಂಗಳೂರಿನ ಅರ್ಜಿ ಕೇಳಿದ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ, ಎಂ. ಸದಾನಂದಸ್ವಾಮಿ ಗುವಾಹಟಿಗೆ. ನೋಡಿ, ಅವರ ಸೂಪಾ. 1977ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಆಗುವ ಸರದಿ ಖನ್ನಾ ಅವರದಿತ್ತು. ಅವರಿಗಿಂತ ಕಿರಿಯರಾದ ಎಂ.ಎಚ್. ಬೇಗ್ ಅವರನ್ನು ಮಾಡಿದರು. ಖನ್ನಾ ರಾಜೀನಾಮೆ ಕೊಟ್ಟು ಮನೆಗೆ ಹೋದರು.

ಆ ತೀರ್ಪನ್ನು ಸುಪ್ರೀಂ ಕೋರ್ಟೇ ತಪ್ಪು ಅಂದದ್ದು 2017ರ ಆಗಸ್ಟ್ 24ರಂದು, ಖಾಸಗಿತನದ ಹಕ್ಕಿನ ಕೇಸಿನಲ್ಲಿ. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ. ಜಬಲ್ಪುರದ ತೀರ್ಪು ತಪ್ಪು ಅಂತ ಬರೆದವರು ಡಿ.ವೈ. ಚಂದ್ರಚೂಡ್, ಆ ನಾಲ್ವರಲ್ಲಿ ಒಬ್ಬರ ಮಗ. ಮಗ ಅಪ್ಪನ ತೀರ್ಪನ್ನು ಹೊಡೆದುಹಾಕಲು ನಲವತ್ತೊಂದು ವರ್ಷ ಬೇಕಾಯಿತು. ನಮ್ಮ ಕಡೆಯ ಪಾಲಿನ ದಾವೆಗೆ ಹೋಲಿಸಿದರೆ ಜಾಸ್ತಿ ಏನಲ್ಲ ಬಿಡಿ.

ಪೋರ್ಚುಗೀಸರ ಕಾಲದಲ್ಲಿ ಗೋವಾದಲ್ಲಿ ಮನೆಗೆ ಚಿಲಕ ಹಾಕುತ್ತಿರಲಿಲ್ಲ ಅಂತ ನನ್ನ ತಂದೆ ಹೇಳುತ್ತಿದ್ದರು. ಕಾನೂನು ಅಷ್ಟು ಕಟ್ಟುನಿಟ್ಟು. ಇದಕ್ಕೇನು ಹೇಳ್ತೀರಿ ರಾಯರೇ?
ಹಿರಿಯ ಓದುಗರು, ಸದಾಶಿವಗಡ

ನಿಮ್ಮ ತಂದೆ ಹೇಳಿದ್ದನ್ನು ನಮ್ಮ ಆಯಿಯೂ ಹೇಳುತ್ತಿದ್ದಳು. ಅವಳ ತವರಿನ ನೆಂಟರು ಗೋವಾದ ಕಾಣಕೋಣದವರು. ಚಿಲಕದ ಮಾತು ನಿಜವೇ ಇರಬಹುದು. ಅವರೇ ಹೇಳುತ್ತಿದ್ದ ಇನ್ನೊಂದು ಮಾತಿದೆ: ಮದುವೆಯ ಕರೆಯೋಲೆ ಅಚ್ಚು ಹಾಕಿಸಬೇಕಾದರೂ ಸೆನ್ಸಾರಿನವರಿಗೆ ತೋರಿಸಬೇಕಿತ್ತು.

ಅಲ್ಲಿನ ಸರ್ವಾಧಿಕಾರಿ ಸಲಾಜಾರ್ 1933ರಲ್ಲಿ ಪೋರ್ಚುಗಲ್ಲಿಗೆ ಒಂದು ಸಂವಿಧಾನ ಮಾಡಿದ. ಅವನು ಪ್ರೊಫೆಸರ್, ಹಾಗಾಗಿ ಬರವಣಿಗೆ ಅಚ್ಚುಕಟ್ಟು. ಮಾತಾಡುವ, ಸಭೆ ಸೇರುವ, ಸಂಘ ಕಟ್ಟುವ ಸ್ವಾತಂತ್ರ್ಯ ಎಲ್ಲ ಸಾಲಾಗಿ ಇತ್ತು. ಅದರ ಕೆಳಗೇ ಇನ್ನೊಂದು ಮಾತು: ಈ ಸ್ವಾತಂತ್ರ್ಯಗಳನ್ನು ಹೇಗೆ ಬಳಸಬೇಕು ಅಂತ ವಿಶೇಷ ಕಾನೂನುಗಳು ಹೇಳುತ್ತವೆ. ಆ ಕೆಳಗಿನ ಮಾತು ಮೇಲಿನದ್ದನ್ನೆಲ್ಲ ತಿಂದುಹಾಕಿತು. ಶಿಕ್ಷೆ ಮುಗಿದ ರಾಜಕೀಯ ಕೈದಿಯನ್ನೂ 'ಭದ್ರತಾ ಕ್ರಮ' ಅಂತ ಮತ್ತೆ ಒಳಗಿಡಲು ಅಲ್ಲಿ ಕಾನೂನು ಇತ್ತು. ಗೋವಾದ ಸ್ವಾತಂತ್ರ್ಯ ಹೋರಾಟಗಾರ ಟಿ.ಬಿ. ಕುನ್ಹಾ ಅವರನ್ನು 1946ರಲ್ಲಿ ಹಿಡಿದು, ಮಿಲಿಟರಿ ಕೋರ್ಟಿನ ಮುಂದೆ ನಿಲ್ಲಿಸಿ, ಎಂಟು ವರ್ಷ ಶಿಕ್ಷೆ ಕೊಟ್ಟು, ಸಮುದ್ರದಾಚೆ ಪೋರ್ಚುಗಲ್ಲಿನ ಪೆನಿಶ್ ಕೋಟೆಗೆ ಕಳಿಸಿದರು.

ನಮಗೆ ಇದೆಲ್ಲ ದೂರದ ಕಥೆಯಲ್ಲ. ಬಿಣಗಾ ಕಡೆಯಿಂದ ಕಾಣುವ ಅಂಜುದೀವ್ ದ್ವೀಪ 1961ರ ಡಿಸೆಂಬರ್‌ವರೆಗೂ ಅವರದ್ದೇ. ದಂಡೆಯಲ್ಲಿ ನಿಂತರೆ ಆಚೆ ಸಲಾಜಾರನ ರಾಜ್ಯ, ಈಚೆ ನಮ್ಮದು. ಆ ನವೆಂಬರಿನಲ್ಲಿ ದ್ವೀಪದಿಂದ ಹಾರಿಸಿದ ಗುಂಡಿಗೆ ನಮ್ಮ ಕಡೆಯ ಮೀನುಗಾರರೊಬ್ಬರು ಸತ್ತರು. ಮನೆಗೆ ಚಿಲಕ ಹಾಕದವರ ರಾಜ್ಯದ ಗುಂಡು ಅದು.

ಇನ್ನೊಂದು ವಿಷಯ, ಆಸ್ತಿ ಪ್ರಶ್ನೆ ಕೇಳುವವರಿಗೆ ಉಪಯೋಗಕ್ಕೆ ಬರುತ್ತದೆ. ಪೋರ್ಚುಗೀಸರು ಹೋದರೂ ಅವರ 1867ರ ಸಿವಿಲ್ ಕೋಡು ಹೋಗಲಿಲ್ಲ. ಗೋವಾದಲ್ಲಿ ಗಂಡ ಹೆಂಡತಿಯ ಆಸ್ತಿಗೆ, ವಾರಸಿಗೆ ಇವತ್ತಿಗೂ ಬಹುಪಾಲು ಅದರ ಪದ್ಧತಿಯೇ. ಗುಪ್ತ ಪೊಲೀಸು, ಸೆನ್ಸಾರು ಒಂದು ದಿನದಲ್ಲಿ ಮಾಯವಾದವು. ಬರ್ಲಿನ್ ವಕೀಲನ ಮೊದಲನೆಯ ರಾಜ್ಯ ಉಳಿಯಿತು, ಎರಡನೆಯದು ಹಡಗು ಹತ್ತಿತು.

ನನ್ನ ಮಗ ಸಿಂಗಾಪುರದಲ್ಲಿದ್ದಾನೆ. ಅಲ್ಲಿ ಲಂಚ ಇಲ್ಲ, ಕೋರ್ಟಿನ ಕೆಲಸ ಬೇಗ. ಒಂದೇ ಪಕ್ಷ ಆಳಿದರೆ ಏನು ತಪ್ಪು?
ಒಬ್ಬ ತಂದೆ, ಭಟ್ಕಳ

ಸಿಂಗಾಪುರದಲ್ಲಿ ಕರಾರು ಮುರಿದವನಿಗೆ ಕೋರ್ಟು ಬಿಡುವುದಿಲ್ಲ ಅನ್ನುವುದು ಖರೆ. ಜಗತ್ತಿನ ವ್ಯಾಪಾರಿಗಳು ಅದಕ್ಕೇ ಅಲ್ಲಿ ಹೋಗುತ್ತಾರೆ. ಹಿಟ್ಲರ್, ಸಲಾಜಾರ್ ಸಾಲಿಗೆ ಆ ದೇಶವನ್ನು ಸೇರಿಸುವುದು ಅನ್ಯಾಯ. ಆದರೂ ನಾನು ಹೇಳಿದ ಕಿಟಕಿ ಅಲ್ಲೂ ಒಂದಿದೆ.

1987ರಲ್ಲಿ ಅಲ್ಲಿನ ಸರ್ಕಾರ 22 ಜನರನ್ನು ಆಂತರಿಕ ಭದ್ರತಾ ಕಾಯ್ದೆಯಲ್ಲಿ ಹಿಡಿಯಿತು. ಮಾರ್ಕ್ಸ್‌ವಾದಿ ಸಂಚು ಅಂತ ಆರೋಪ, ಖಟ್ಲೆ ಇಲ್ಲ. 1988ರ ಡಿಸೆಂಬರಿನಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು ಅವರಲ್ಲಿ ಕೆಲವರನ್ನು ಬಿಡಿ ಅಂದಿತು. ಹಿಡಿದಿಡುವ ಕಾರಣ ಸರಿಯಿದೆಯಾ ಅಂತ ಕೋರ್ಟು ನೋಡಬಹುದು ಅಂತಲೂ ಹೇಳಿತು. ಬಿಟ್ಟರು, ತಕ್ಷಣ ಹೊಸ ಆದೇಶದಲ್ಲಿ ಮತ್ತೆ ಹಿಡಿದರು. ಮುಂದಿನ ತಿಂಗಳೇ, 1989ರ ಜನವರಿಯಲ್ಲಿ, ಸಂವಿಧಾನವನ್ನೂ ಕಾಯ್ದೆಯನ್ನೂ ತಿದ್ದಿ, ಕೋರ್ಟು ಇಂಥ ಆದೇಶದಲ್ಲಿ ಕ್ರಮ ಸರಿಯಿದೆಯಾ ಅಂತ ಮಾತ್ರ ನೋಡಬೇಕು, ಕಾರಣ ಕೇಳಬಾರದು ಅಂತ ಮಾಡಿದರು. ಸಂಸತ್ತು ಪಾಸು ಮಾಡಿದ್ದು, ಗೆಜೆಟಿನಲ್ಲಿ ಬಂದದ್ದು, ಎಲ್ಲ ಶುದ್ಧ. ನಿಮ್ಮ ಮಗನಿಗೆ ಆ ಕಿಟಕಿಯ ಹತ್ತಿರ ಹೋಗುವ ಪ್ರಸಂಗ ಬರುವುದಿಲ್ಲ, ಚಿಂತೆ ಬೇಡ. ನಮ್ಮ ಬಾವಿಯ ಮಾಸ್ತರರೂ 1975ರ ಮೇ ತಿಂಗಳಲ್ಲಿ ಹಾಗೇ ಅಂದುಕೊಂಡಿದ್ದರು.

ಮತ್ತೆ ಹಾಗಾಗದಂತೆ ಸಂವಿಧಾನ ತಿದ್ದಿದ್ದಾರಂತಲ್ಲ. ಈಗ ಭಯ ಇಲ್ಲ ಅಲ್ವಾ?
ಓದುಗ, ಯಲ್ಲಾಪುರ

ತಿದ್ದಿದ್ದಾರೆ, 1978ರಲ್ಲಿ, 44ನೇ ತಿದ್ದುಪಡಿ. ಕೆಲಸ ಒಳ್ಳೆಯದೇ ಮಾಡಿದರು. 1975ರಲ್ಲಿ ರಾಷ್ಟ್ರಪತಿಗಳು ರಾತ್ರಿಯೇ ಸಹಿ ಹಾಕಿದ್ದರು, ಮಂತ್ರಿಮಂಡಲಕ್ಕೆ ತಿಳಿಸಿದ್ದು ಬೆಳಿಗ್ಗೆ. ಈಗ ಮಂತ್ರಿಮಂಡಲದ ತೀರ್ಮಾನ ಬರಹದಲ್ಲಿ ಬರಬೇಕು. 'ಆಂತರಿಕ ಗಲಭೆ' ಅನ್ನುವ ಸಡಿಲ ಮಾತು ತೆಗೆದು 'ಸಶಸ್ತ್ರ ಬಂಡಾಯ' ಅಂತ ಹಾಕಿದರು. ಮುಖ್ಯವಾಗಿ 20 ಮತ್ತು 21ನೇ ವಿಧಿಗಳನ್ನು ಯಾವ ತುರ್ತು ಪರಿಸ್ಥಿತಿಯಲ್ಲೂ ತಡೆಹಿಡಿಯುವಂತಿಲ್ಲ. ಮಾಸ್ತರರ ಹೆಂಡತಿಯ ಅರ್ಜಿಗೆ ಈಗ ಹೈಕೋರ್ಟಿನಲ್ಲಿ ಕಿಟಕಿ ಇದೆ.

ಆದರೆ ಕಚೇರಿಯಲ್ಲಿ ನಲವತ್ತು ವರ್ಷ ಇದ್ದವನು ಕಾನೂನು ಪಾಸಾಯಿತು ಅಂದರೆ ನಂಬುವುದಿಲ್ಲ, ಜಾರಿಗೆ ಬಂತಾ ಅಂತ ಕೇಳುತ್ತಾನೆ. ಖಟ್ಲೆ ಇಲ್ಲದೆ ಹಿಡಿದಿಡುವ ಪದ್ಧತಿ ನಮ್ಮ ಸಂವಿಧಾನದ 22ನೇ ವಿಧಿಯಲ್ಲೇ ಇದೆ, ಅದಕ್ಕೆ ತುರ್ತು ಪರಿಸ್ಥಿತಿಯೂ ಬೇಡ. ಸಲಹಾ ಮಂಡಳಿಯ ಒಪ್ಪಿಗೆ ಇಲ್ಲದೆ ಮೂರು ತಿಂಗಳವರೆಗೆ ಇಡಬಹುದು. ಅದನ್ನು ಎರಡು ತಿಂಗಳಿಗೆ ಇಳಿಸಿ, ಮಂಡಳಿಯನ್ನು ಇನ್ನಷ್ಟು ಬಿಗಿ ಮಾಡುವ ಒಂದು ಕಲಮು ಅದೇ 44ನೇ ತಿದ್ದುಪಡಿಯಲ್ಲಿತ್ತು. ಅದು ಯಾವ ದಿನದಿಂದ ಜಾರಿ ಅಂತ ಸರ್ಕಾರ ಗೆಜೆಟಿನಲ್ಲಿ ಹೇಳಬೇಕು. ಆಮೇಲೆ ಎಲ್ಲ ಬಣ್ಣದ ಸರ್ಕಾರಗಳು ಬಂದವು. ಜೈಲಿನಲ್ಲಿದ್ದು ಬಂದವರೇ ಮಂತ್ರಿಗಳೂ ಆದರು. ಆ ದಿನ ಮಾತ್ರ ಇನ್ನೂ ಬಂದಿಲ್ಲ. 1980ರ ರಾಷ್ಟ್ರೀಯ ಭದ್ರತಾ ಕಾಯ್ದೆಯಲ್ಲಿ ಹನ್ನೆರಡು ತಿಂಗಳವರೆಗೆ ಇಡಬಹುದು. ಸಲಹಾ ಮಂಡಳಿಯ ಮುಂದೆ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಇಲ್ಲ. ಅಂಕೋಲೆಯವರ ಭೂ ಮಂಡಳಿಯಲ್ಲಿ ವಕೀಲರು ಬೇಡ ಅಂದಾಗ ಎದುರಿಗಿದ್ದವನು ಒಡೆಯ. ಇಲ್ಲಿ ಎದುರಿಗಿರುವುದು ಸರ್ಕಾರ.

ಈಗ ಮಾಸ್ತರರ ದಾವೆ. ಅವರು 1977ರಲ್ಲಿ ಹೊರಗೆ ಬಂದರು, ಬಹಳ ಸಣಕಲಾಗಿದ್ದರು. ದಾವೆ ಮರುಸ್ಥಾಪನೆಗೆ ಅರ್ಜಿ ಕೊಟ್ಟರು. ವಜಾ ಆದ ಮೂವತ್ತು ದಿನದೊಳಗೆ ಕೊಡಬೇಕಿತ್ತು, ಹಾಗಾಗಿ ತಡವಾದ್ದಕ್ಕೆ ಕಾರಣ ಬರೆದ ಅಫಿಡವಿಟ್ ಬೇಕು. ಪುರ್ಸಿಸ್ ಕೊಟ್ಟ ವಕೀಲರೇ ಈಗ ಅದನ್ನು ಬರೆಸಿದರು, ಬಹಳ ಆವೇಶದಿಂದ. ಎದುರು ಕಡೆಯವರು ತಕರಾರು ಹಾಕಿದರು: ಜೈಲಿನಿಂದ ಒಂದು ಕಾರ್ಡು ಬರೆಯಬಹುದಿತ್ತು, ಇದು ವಾದಿಯ ಅಲಕ್ಷ್ಯ. ಹೊಸ ಮುನ್ಸೀಫರು ಅರ್ಜಿ ಮಂಜೂರು ಮಾಡಿ, ಗೈರುಹಾಜರಾದ್ದಕ್ಕೆ ಹತ್ತು ರೂಪಾಯಿ ಖರ್ಚು ಪ್ರತಿವಾದಿಗೆ ಕೊಡಬೇಕು ಅಂದರು. ಮಾಸ್ತರರು ಶರ್ಟಿನ ಜೇಬಿನಿಂದ ತೆಗೆದು ಎಣಿಸಿ ಕೊಟ್ಟರು. ನನ್ನ ಕಡೆ ನೋಡಿ, "ಇದನ್ನೂ ಬರೆದುಕೊಳ್ಳಿ" ಅಂದರು. ಬರೆದುಕೊಂಡೆ.

ದಾವೆ ಮುಂದೆ ರಾಜಿ ಆಯಿತು. ಬಾವಿಗೆ ಈಗ ಹೂಳು ತುಂಬಿದೆ, ಎರಡೂ ಮನೆಗೆ ನಲ್ಲಿ ಬಂದಿದೆ.

ಮುಂದಿನ ತಿಂಗಳು ಮತ್ತೆ ಹಿಸ್ಸೆ, ವಾರಸಾ. ಜೋಯ್ಡಾದ ಓದುಗರು ಮೂಲ ಕ್ರಯಪತ್ರವನ್ನೇ ಲಕೋಟೆಯಲ್ಲಿ ಹಾಕಿ ಕಳಿಸಿದ್ದಾರೆ. ರಿಜಿಸ್ಟರ್ಡ್ ಅಂಚೆಯಲ್ಲಿ ವಾಪಸ್ ಕಳಿಸಿದ್ದೇನೆ. ದಯವಿಟ್ಟು ಯಾರೂ ಮೂಲ ಕಾಗದ ಕಳಿಸಬೇಡಿ, ಝೆರಾಕ್ಸ್ ಸಾಕು.